ಈಥರ್ ಬಾಟಲಿಯ ಮೇಲಿನ ತಾರೀಖು

"ಇದರಾಗೆ ಒಂದನ್ನೂ ನಾನು ಒಯ್ಯಾಂಗಿಲ್ರಿ!"

ದುರ್ಗಾ ತಲೆಯೆತ್ತಿ ನೋಡಿದಳು. ಮೂರನೆಯ ಮಹಡಿಯಿಂದ ನಲವತ್ತು ಬಾಟಲಿಗಳನ್ನು ಎರಡೆರಡಾಗಿ ಇಳಿಸಿ ತಂದ ಅವಳು ಕೊನೆಯ ಜೋಡಿಯನ್ನು ಆಗಷ್ಟೇ ನೆಲಕ್ಕಿಟ್ಟಿದ್ದಳು. ಎದುರಿಗೆ, ಉಗ್ರಾಣದ ಬಾಗಿಲಲ್ಲಿ, ನೀಲಿ ಕೋಟು ತೊಟ್ಟ ತರುಣನೊಬ್ಬ ಅಡ್ಡಲಾಗಿ ನಿಂತಿದ್ದ.

ದಾವಣಗೆರೆಯ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದ ಹಿಂಬದಿಯಲ್ಲಿ ನಡೆದ ಈ ಭೇಟಿಯನ್ನು ಅಲ್ಲಿ ಕಸ ಗುಡಿಸುವ ತಿಪ್ಪಮ್ಮ ಇಂದಿಗೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾಳೆ. ದುರ್ಗಾ ಕುಕ್ಕುವಾಡದ ರೈತರ ಮಗಳು. ಆರು ವರ್ಷಗಳಿಂದ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ತರುಣನ ಹೆಸರು ಅಶ್ವಥ್. ಪ್ರಯೋಗಾಲಯಗಳ ಅಪಾಯಕಾರಿ ತ್ಯಾಜ್ಯವನ್ನು ಒಯ್ದು ವಿಲೇವಾರಿ ಮಾಡುವ ಹರಿಹರದ ಒಂದು ಸಂಸ್ಥೆಯ ನೌಕರ.

"ಯಾಕ್ರಿ? ಒಯ್ಯಾಕಂತಾನೇ ಬಂದೀರಲ್ಲ!"

"ಒಳಗೆ ಏನೈತೆ ಅಂತ ಬರೆದಿಲ್ಲ. ಕೂಲ್‌ಡ್ರಿಂಕ್ಸ್ ಬಾಟ್ಲಿಯಾಗೆ ಆಸಿಡ್ ಹಾಕಿಟ್ಟೀರಿ. ಇದ್ದ ಲೇಬಲ್ಲೂ ಅಳಿಸಿ ಹೋಗ್ಯಾವೆ."

"ನಾನು ಇಟ್ಟಿದ್ದಲ್ರಿ. ನನಗಿಂತ ಮುಂಚೆ ಇದ್ದೋರು ಇಟ್ಟು ಹೋದ್ರು."

"ಇಟ್ಟೋರು ಹೋದ್ರು. ಎತ್ತೋನು ನಾನಿದೀನಲ್ರಿ."

ಅವಳು ಬಾಟಲಿಗಳ ಸಾಲನ್ನು ನೋಡಿದಳು. ಕಣ್ಣು ತಾನಾಗಿ ತುಂಬಿತು. ಅದು ದುಃಖವಲ್ಲ, ಸಿಟ್ಟೂ ಅಲ್ಲ... ಬರಿಯ ದಣಿವು. ಹದಿನೈದು ದಿನಗಳಿಂದ ಸರಿಯಾಗಿ ಮಲಗಿರದ ಹೆಣ್ಣಿನ ದಣಿವು.

ಅಶ್ವಥ್‌ನ ದನಿ ತಗ್ಗಿತು. "ಕೂಡ್ರಿ. ಊಟ ಆತಾ?"

"ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು?"

"ಉಣ್ಣದೋರ ಕೈಯಾಗೆ ಆಸಿಡ್ ಬಾಟ್ಲಿ ನೋಡಿದ್ರೆ ನನಗೆ ಹೆದರಿಕೆ ಕಣ್ರಿ. ನಿಮಗೇನಾಗ್ತೈತೋ ಅಂತಲ್ಲ, ನನ್ನ ಕಾಲಿನ ಮ್ಯಾಲೆ ಬಿದ್ದೀತು ಅಂತ!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಗುರುವಾರ ಗುರುವಾರ ಬರ್ತೀನಿ. ಒಂದೊಂದೇ ನೋಡಿ ಹೆಸರು ಬರೆಯೋಣು," ಎಂದ ಅವನು.

ಬರೆಯಲೇಬೇಕಿತ್ತು. ತಪಾಸಣೆಯ ತಂಡ ಬರುವುದರೊಳಗೆ ಉಗ್ರಾಣ ಶುದ್ಧವಾಗದಿದ್ದರೆ ಪ್ರಯೋಗಾಲಯಕ್ಕೆ ಬೀಗ ಬೀಳುತ್ತಿತ್ತು. ಬೀಗ ಬಿದ್ದರೆ ಅವಳ ಕೊನೆಯ ಪ್ರಯೋಗ ನಿಂತು, ಆರು ವರ್ಷದ ಪ್ರಬಂಧ ಅಲ್ಲಿಯೇ ಉಳಿಯುತ್ತಿತ್ತು.

ಹೀಗೆ ಗುರುವಾರಗಳು ಆರಂಭವಾದವು. ಅವನು ಕಾಗದದ ಪಟ್ಟಿಯನ್ನು ಅದ್ದಿ ಬಣ್ಣ ನೋಡುವನು, ಅವಳು ಬರೆಯುವಳು. ಆಮ್ಲಗಳು ಒಂದು ತಟ್ಟೆಗೆ, ಹೊತ್ತಿಕೊಳ್ಳುವ ದ್ರಾವಣಗಳು ದೂರದ ಇನ್ನೊಂದಕ್ಕೆ. ಯಾವ ಬಾಟಲಿಯನ್ನೂ ಕಂಠದವರೆಗೆ ತುಂಬಬಾರದೆಂದು ಅವನು ಕಲಿಸಿದ. ಕೆಲಸ ಮುಗಿದ ಮೇಲೆ ಕೈಗಳನ್ನು ಮೂರು ಸಲ ತೊಳೆದು, ಗೇಟಿನ ಹೊರಗೆ ಮಿರ್ಚಿ ಮಂಡಕ್ಕಿ ತಿನ್ನುವರು.

"ಊರಿನ ಹುಡುಗ್ರೆಲ್ಲ ಸಿನಿಮಾಕ್ಕೆ ಹೋಗ್ತಾರೆ. ನೀವಿಬ್ರೂ ಒಡೆದ ಥರ್ಮಾಮೀಟರ್ ಮುಂದೆ ಕುಂದ್ರುತೀರಿ. ಏನ್ ಜೋಡಿ ನಮ್ಮವ್ವ!" ಎಂದು ತಿಪ್ಪಮ್ಮ ಕೆಣಕುವಳು.

"ಸುಮ್ಕಿರು ತಿಪ್ಪವ್ವ!" ಎಂದು ದುರ್ಗಾ ಗದರುವಳು. ಕಿವಿ ಮಾತ್ರ ಕೆಂಪೇರುತ್ತಿತ್ತು.

ಐದನೆಯ ಗುರುವಾರ ಅವನು ಒಂದು ಮಾತು ಹೇಳಿದ.

"ಬ್ಯಾರೆ ಕಾಲೇಜಿನ ಬಾಟ್ಲಿ ನಾನು ಎಲ್ಡೆಲ್ಡು ಸಲ ನೋಡ್ತೀನ್ರಿ. ನಿಮ್ಮ ಅಕ್ಷರ ಇದ್ರೆ ಒಂದ್ಸಲ ಓದಿದ್ರೆ ಸಾಕು ಅನಿಸ್ತೈತೆ."

ಕೆ.ಬಿ. ಬಡಾವಣೆಯ ಬಾಡಿಗೆ ಕೋಣೆಗೆ ನಡೆದು ಹೋಗುವ ದಾರಿಯುದ್ದಕ್ಕೂ ದುರ್ಗಾ ಆ ಮಾತನ್ನೇ ನೆನೆದಳು. ಆರು ವರ್ಷಗಳಲ್ಲಿ ಅವಳ ಬರಹವನ್ನು ತಿದ್ದಿದವರೇ ಎಲ್ಲ. ನಂಬಿದವನು... ಇವನೊಬ್ಬ!

ಮರುವಾರ ಅವನು ಎಲ್ಲ ಬಾಟಲಿಗಳನ್ನು ಒಯ್ದ. ತಪಾಸಣೆಯೂ ಸುಗಮವಾಗಿ ಮುಗಿಯಿತು.

ಅನಂತರ ಅಶ್ವಥ್ ಬರಲಿಲ್ಲ.

ಒಂದು ಗುರುವಾರ. ಎರಡು. ಕರೆ ಮಾಡಿದರೆ ಎತ್ತಲಿಲ್ಲ. 'ಕೆಲಸ ಮುಗೀತು, ಹೋದ. ನಾನೇ ಏನೇನೋ ಅಂದ್ಕೊಂಡೆ...' ಅವಳಿಗೆ ಅತ್ತು ಹಗುರಾಗುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಮೂರನೆಯ ಗುರುವಾರ ಬೇರೊಬ್ಬ ನೌಕರ ಖಾಲಿ ಕ್ಯಾನುಗಳನ್ನು ತಂದ.

"ಅಶ್ವಥ್ ಅವ್ರು ಹುಷಾರಿದಾರಾ?" ಎಂದು ಕೇಳಿಯೇಬಿಟ್ಟಳು.

"ಹುಷಾರಿದಾನ್ರಿ, ಆದ್ರೆ ಬಾಯೇ ಬಿಡವಲ್ಲ. ನಿಮ್ಮ ಕಾಲೇಜಿನ ಒಂದು ಈಥರ್ ಬಾಟ್ಲಿ ನಮ್ಮ ಯಾರ್ಡಿನಾಗೆ ಮರಳಿನ ಮ್ಯಾಲೆ ಇಟ್ಟಾನೆ. ಸುತ್ತ ಹಗ್ಗ ಕಟ್ಟಿ ಯಾರ್ನೂ ಹತ್ರ ಬಿಡವಲ್ಲ."

ದುರ್ಗಾ ಎತ್ತಿಕೊಂಡಿದ್ದ ಕ್ಯಾನನ್ನು ಕೆಳಗಿಟ್ಟಳು.

ಒಮ್ಮೆ ತೆರೆದ ಈಥರ್ ದ್ರಾವಣ ಹಳೆಯದಾದರೆ ಮುಚ್ಚಳದ ಸುತ್ತ ಬಿಳಿಯ ಹರಳು ಕಟ್ಟುತ್ತದೆ. ಆಮೇಲೆ ಮುಚ್ಚಳವನ್ನು ತಿರುವಿದರೆ ಸಾಕು, ಬಾಟಲಿ ಸಿಡಿಯಬಹುದು. ಆದ್ದರಿಂದಲೇ ಅದರ ಮೇಲೆ ತೆರೆದ ದಿನಾಂಕವನ್ನು ಬರೆಯುವುದು. ಹೊಸದಾದರೆ ಮುಚ್ಚಳ ತೆಗೆದು ಸುರಿಯುತ್ತಾರೆ. ಹಳೆಯದನ್ನು ಅದಕ್ಕೆಂದೇ ಇರುವ ತಜ್ಞರ ಹೊರತು ಯಾರೂ ಮುಟ್ಟುವುದಿಲ್ಲ. ಅಂಥದ್ದು ಕಣ್ಣಿಗೆ ಬಿದ್ದರೆ ತಪಾಸಣೆಯವರು ಪ್ರಯೋಗಾಲಯಕ್ಕೆ ಬೀಗ ಹಾಕುತ್ತಾರೆ.

ಅವಳು ಓಡಿಹೋಗಿ ಉಗ್ರಾಣದ ಹಳೆಯ ದಾಖಲೆ ಪುಸ್ತಕವನ್ನು ತೆರೆದಳು. ಈಥರ್, ತೆರೆದದ್ದು ನಾಲ್ಕು ವರ್ಷಗಳ ಹಿಂದೆ. ಫೋನಿನಲ್ಲಿ ತಾನೇ ತೆಗೆದಿಟ್ಟಿದ್ದ ಹೊಸ ಲೇಬಲ್ಲಿನ ಚಿತ್ರವನ್ನು ನೋಡಿದಳು. ಅಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ, ಲೇಬಲ್ ಬರೆದ ದಿನದ ತಾರೀಖು!

ಅಂದು ಬೆಳಗಿನಿಂದ ಅಳಿಸಿದ ಲೇಬಲ್ಲುಗಳನ್ನು ಮತ್ತೆ ಬರೆದೂ ಬರೆದೂ, ಕೊನೆಕೊನೆಗೆ ಕೈ ತನ್ನ ಪಾಡಿಗೆ ತಾನು ಬರೆದಿತ್ತು.

'ತಪಾಸಣೆಗಾಗಿ ನಾನು ಸುಳ್ಳು ಬರೆದೆ ಅಂತ ತಿಳಿದಾನೆ... ಅವನ ಕೈಯೇ ಹೋಗಿಬಿಡ್ತಿತ್ತಲ್ಲ!'

ಮಾರ್ಗದರ್ಶಕ ಪಂಚಾಕ್ಷರಪ್ಪನವರು ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರೂ ದಣಿದಿದ್ದರು.

"ಬಾಯಿ ಬಿಡಬ್ಯಾಡಮ್ಮ. ಬರೆದು ಕೊಟ್ರೆ ಮತ್ತೆ ತಪಾಸಣೆ, ಲ್ಯಾಬಿಗೆ ಬೀಗ. ನಿನ್ನ ಥೀಸಿಸ್ ಆರು ತಿಂಗಳು ಹಿಂದಕ್ಕೆ ಹೋಗ್ತದೆ. ಹೆಂಗೂ ಯಾರಿಗೂ ಏನೂ ಆಗಿಲ್ಲ."

"ಆಗಿಲ್ಲ ಸರ್. ಬಾಟ್ಲಿ ಇನ್ನೂ ಅಲ್ಲೇ ಐತೆ."

ಅವಳು ಹರಿಹರದ ಬಸ್ಸು ಹತ್ತಿದಳು.

ಮಧ್ಯಾಹ್ನದ ಬಿಸಿಲು. ಯಾರ್ಡಿನ ಮೂಲೆಯಲ್ಲಿ ತಗಡಿನ ನೆರಳು. ನೆರಳಿನಲ್ಲಿ ಮರಳಿನ ಗುಡ್ಡೆ. ಮರಳಿನ ಮೇಲೆ ಆ ಕಂದು ಬಾಟಲಿ. ಹಗ್ಗದ ಈಚೆ ಸ್ಟೂಲಿನ ಮೇಲೆ ಅಶ್ವಥ್ ಕುಳಿತಿದ್ದ. ಮುಖ ಇಳಿದಿತ್ತು.

"ನೀವ್ಯಾಕೆ ಬಂದ್ರಿ?"

"ಆ ತಾರೀಖು ತಪ್ಪೈತೆ."

"ಗೊತ್ತೈತೆ." ಅವನು ಅವಳತ್ತ ನೋಡಲಿಲ್ಲ. "ನಿಮ್ಮ ಅಕ್ಷರ ಅಂತ ಮುಚ್ಚಳಕ್ಕೆ ಕೈ ಹಾಕಿದ್ದೆ. ಬಿಸಿಲು ಬಿದ್ದು ಹರಳು ಮಿಂಚಿತು. ಇಲ್ಲಾಂದ್ರೆ... ತಪಾಸಣೆ ದಾಟಾಕೆ ಹಿಂಗೆ ಮಾಡಿದ್ರಾ?"

"ಇಲ್ರಿ! ದಣಿವಿನಾಗೆ ಆ ದಿನದ ತಾರೀಖನ್ನೇ ಬರೆದುಬಿಟ್ಟೀನಿ. ಸುಳ್ಳಲ್ಲ." ಅವಳು ಹಗ್ಗದವರೆಗೆ ಬಂದು ನಿಂತಳು. "ಆದ್ರೆ ದಣಿವೋ ಸುಳ್ಳೋ, ಬಾಟ್ಲಿಗೆ ಎಲ್ಡೂ ಒಂದೇ. ಬೈರಿ ನನಗೆ. ಸುಮ್ನಿರಬ್ಯಾಡ್ರಿ."

ಅವನು ಸ್ಟೂಲಿನಿಂದ ಎದ್ದ.

"ಬೈಯೋ ಹಕ್ಕು ನನಗಿಲ್ರಿ. ಅವತ್ತೇ ನಾನು ವರದಿ ಕೊಡಬೇಕಿತ್ತು. ಕೊಟ್ರೆ ನಿಮ್ಮ ಲ್ಯಾಬ್ ಮುಚ್ಚತಾರೆ ಅಂತ ಕೊಡಲಿಲ್ಲ. ಕೊಡದೆ ನಿಮ್ಮ ಮುಖ ನೋಡಾಕೂ ಆಗಲಿಲ್ಲ. ಮೂರು ವಾರದಿಂದ ಇದನ್ನ ಕಾಯ್ತಾ ಕುಂತೀನಿ. ಹೆಂಗಾದ್ರೂ ಸರಿ ಹೋದೀತು ಅಂತ."

"ಎಲ್ಲಿ ಸರಿ ಹೋಗ್ತೈತ್ರಿ? ಇನ್ನಷ್ಟು ಹರಳು ಕಟ್ಟತೈತೆ, ಅಷ್ಟೇ. ಕಾಗದ ಕೊಡ್ರಿ."

ಅವಳು ಅಲ್ಲಿಯೇ ನಿಂತು ಬರೆದಳು. ಬಾಟಲಿಯ ನಿಜವಾದ ತಾರೀಖು, ತನ್ನ ಹೆಸರು, ತನ್ನ ಸಹಿ.

"ಆರು ತಿಂಗಳು ಹೋಗ್ತೈತಲ್ರಿ, ದುರ್ಗಾ..."

"ಹೋಗ್ಲಿ. ನಿಮ್ಮ ಕೈ ಹೋಗಿದ್ರೆ ನಾನು ಯಾವ ಪ್ರಬಂಧ ಬರೀತಿದ್ದೆ?"

ಅವಳ ಸಹಿಯ ಕೆಳಗೆ ಅವನೂ ಬರೆದ: ಮೂರು ವಾರ ವರದಿ ಮಾಡದೆ ಇದ್ದ ತಪ್ಪು ನನ್ನದು.

ಆ ಸಂಜೆಯೇ ತಜ್ಞರು ಬಂದು ಬಾಟಲಿಯನ್ನು ಒಯ್ದರು. ಅವನಿಗೆ ಕಚೇರಿಯಿಂದ ನೋಟಿಸು ಬಂತು. ಕಾಗದದ ಪ್ರತಿಯನ್ನು ಕಾಲೇಜಿಗೆ ಕೊಡಲು ಮರುದಿನ ಬೆಳಿಗ್ಗೆ ಹರಿಹರದಿಂದ ಅವನು ಹೊರಟಾಗ, ಬಸ್ ನಿಲ್ದಾಣದಲ್ಲಿ ದುರ್ಗಾ ಕಾಯುತ್ತಿದ್ದಳು. ಜೊತೆಗೆ ಹೋಗಲೆಂದೇ ದಾವಣಗೆರೆಯಿಂದ ಮೊದಲ ಬಸ್ಸಿಗೆ ಬಂದಿದ್ದಳಂತೆ. ಅವಳೇ ಬಂದಳೆಂದು ತಿಪ್ಪಮ್ಮ ಹೇಳುತ್ತಾಳೆ. ಅವನೇ ಕರೆದನೆಂದು ಯಾರ್ಡಿನವರು. ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತದ್ದರ ಬಗ್ಗೆ ಮಾತ್ರ ಎರಡೂ ಕಡೆಯವರದು ಒಂದೇ ಮಾತು.

"ಕುಕ್ಕುವಾಡಕ್ಕೆ ಬಂದು ನಿಮ್ಮ ಅಪ್ಪಾರ ಹತ್ರ ಮಾತಾಡ್ಲಾ?" ಎಂದು ಅವನು ಕಿಟಕಿಯ ಕಡೆ ನೋಡುತ್ತ ಕೇಳಿದ.

"ಮೊದ್ಲು ನನ್ನ ಹತ್ರ ಮಾತಾಡ್ರಿ."

"ಏನಂತ?"

"ನನಗೂ ಗೊತ್ತಿಲ್ಲ. ನೀವೇ ಹೇಳ್ರಿ."

ಅವನು ತಡವರಿಸಿದ. "ನೀವು ಸುಳ್ಳು ಬರೆದೀರಿ ಅಂದ್ಕೊಂಡಾಗ್ಲೂ... ನಿಮ್ಮ ಮ್ಯಾಲಿನ ಪ್ರೀತಿ ಹೋಗಲಿಲ್ರಿ. ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು."

ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವಳ ತಲೆ ಅವನ ಭುಜಕ್ಕೆ ಒರಗಿತ್ತು. ಕಣ್ಣು ಮುಚ್ಚಿದ್ದವು.

ದಾವಣಗೆರೆ ಬಂತು. ಜನ ಇಳಿದರು.

"ಅಕ್ಕಾರನ್ನ ಎಬ್ಬಸ್ರಿ, ಇದೇ ಕೊನೇ ಸ್ಟಾಪು," ಎಂದ ಕಂಡಕ್ಟರ್.

"ಒಂದೆಲ್ಡು ನಿಮಿಷ ಬಿಡಣ್ಣ. ಭಾಳ ದಣಿದಾರೆ."

ಕಂಡಕ್ಟರ್ ಗೊಣಗುತ್ತ ಚಹಾ ಕುಡಿಯಲು ಇಳಿದುಹೋದ. ಖಾಲಿ ಬಸ್ಸಿನಲ್ಲಿ, ಕಣ್ಣು ತೆರೆಯದೆಯೇ, ದುರ್ಗಾ ಮೆಲ್ಲಗೆ ಹೇಳಿದಳು:

"ನಾನು ಮಲಗಿಲ್ಲ. ಎಲ್ಲಾ ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಇನ್ನೊಂದ್ಸಲ ಹೇಳ್ತೀರೇನೋ ಅಂತ."

ಅವನು ಇನ್ನೊಂದು ಸಲ ಹೇಳಿದ.