ಇವತ್ತಿನ ಸಹಿ

"ನನ್ನ ಬಾಯಿ ನೋಡಿ!"

ಔಷಧಿ ಅಂಗಡಿಯ ಹುಡುಗಿ ಬೆಚ್ಚಿಬಿದ್ದಳು. ಕೌಂಟರಿನ ಆಚೆ ನಿಂತಿದ್ದ ಬಡಗಿ, ತಲೆಯ ತುಂಬ ಮರದ ಹೊಟ್ಟು, ನಾಲಿಗೆ ಎತ್ತಿ ತೋರಿಸುತ್ತಿದ್ದ.

"ಕುಡಿತ ಬಿಡಿಸೋ ಮಾತ್ರೆ ನುಂಗಿದ್ದೀನಿ ತಾನೆ? ಈ ಚೀಟಿಗೆ ಸಹಿ ಹಾಕಿ. ದಿನಾ ಯಾರದ್ದಾದ್ರೂ ಎದುರಿಗೇ ನುಂಗಬೇಕು ಅಂದಿದ್ದಾರೆ ಡಾಕ್ಟ್ರು. ಇದರ ಮೇಲೆ ಒಂದು ತೊಟ್ಟು ಕುಡಿದ್ರೂ ವಾಂತಿ, ಎದೆ ಡವಡವ... ನಮ್ಮಕ್ಕ ನನ್ನ ನಂಬಿ ನಂಬಿ ಸೋತಿದ್ದಾಳೆ."

ಅಬ್ಬಾ! ನಾಚಬೇಕಾದ ಮಾತನ್ನು ಎದೆ ಸೆಟೆದು ಹೇಳುತ್ತಾನಲ್ಲ! ಅವಳು ಸಹಿ ಹಾಕಿದಳು.

ಹೀಗೇ ಮೂರು ತಿಂಗಳು, ದಿನಾ ಬೆಳಿಗ್ಗೆ ಒಂಬತ್ತಕ್ಕೆ. ಎಂಟೂವರೆಗೇ ಅವಳ ಕಣ್ಣು ಬಾಗಿಲಲ್ಲಿರುತ್ತಿತ್ತು.

ಆ ಸೋಮವಾರ ಬಂದವನ ಮುಖ ಕೆಂಪಗೆ ಉರಿಯುತ್ತಿತ್ತು. ಮೆಟ್ಟಿಲ ಮೇಲೇ ಕುಸಿದು ವಾಂತಿ ಮಾಡಿಕೊಂಡ.

"ನೋಡಿದ್ಯಾ? ಕುಡಿದು ಬಂದಿದ್ದಾನೆ," ಎಂದರು ಅಂಗಡಿಯ ಯಜಮಾನರು, ಅವಳ ಅಪ್ಪ.

"ನನಗೂ ಮೋಸ ಮಾಡಿದ್ರಾ?" ಅವಳ ಕಣ್ಣು ತುಂಬಿತು.

"ಒಂದು ತೊಟ್ಟೂ ಮುಟ್ಟಿಲ್ಲ! ನಂಬಿದ್ರೆ ನಂಬಿ, ಬಿಟ್ರೆ ಬಿಡಿ!"

ಸುದ್ದಿ ತಿಳಿದು ಅವನ ಅಕ್ಕ ಓಡಿ ಬಂದು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಮೆಟ್ಟಿಲ ಮೇಲೆ ಅವನ ಜೇಬಿನಿಂದ ಬಿದ್ದ ಕೆಮ್ಮಿನ ಸಿರಪ್ ಬಾಟಲಿ ಉಳಿದಿತ್ತು, ಆ ಬೆಳಿಗ್ಗೆಯಷ್ಟೇ ತೆರೆದದ್ದು. ಹಿಂದಿನ ದಿನ ಅವನ ಕೆಮ್ಮು ಕೇಳಲಾರದೆ ಅವಳೇ ಕೊಟ್ಟದ್ದು. ಲೇಬಲ್ಲಿನ ಸಣ್ಣ ಅಕ್ಷರ ಓದಿದಳು. ಆಲ್ಕೋಹಾಲ್... ಅಯ್ಯೋ! ದಿನಾ ಅವನ ಬಾಯಿ ಪರೀಕ್ಷಿಸಿದವಳು ಈ ಬಾಟಲಿಯ ಲೇಬಲ್ಲನ್ನು ನೋಡಿರಲಿಲ್ಲ!

"ಅಪ್ಪಾ, ಕುಡಿಸಿದ್ದು ನಾನು!"

"ಬಾಯಿ ಮುಚ್ಚು! ಹೊರಗೆ ಗೊತ್ತಾದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು? ಅವನು ಹೇಗೂ ಕುಡುಕ ಅಂತ ಎಲ್ರಿಗೂ ಗೊತ್ತು."

"ಮುಚ್ಚಲ್ಲ! ಅವರಿಗೂ ಮರ್ಯಾದೆ ಇದೆ!"

ಬಾಟಲಿ ಹಿಡಿದು ಅವಳು ಹೊರಟೇಬಿಟ್ಟಳು. ವಾರ್ಡಿನಲ್ಲಿ ಎಲ್ಲರ ಎದುರೇ ಹೇಳಿದಳು. "ಅಕ್ಕಾ, ನಿಮ್ಮ ತಮ್ಮ ಕುಡಿದಿಲ್ಲ. ತಪ್ಪು ನನ್ನದು!"

ಅಕ್ಕ ತಮ್ಮನ ತಲೆ ಸವರಿ ಬಿಕ್ಕಿದಳು. ಡಾಕ್ಟರಿಗೆ ತೋರಿಸಲು ಬಾಟಲಿ ತೆಗೆದುಕೊಂಡು ಎದ್ದು ಹೋದಳು.

"ಈಗ ನಂಬಿಕೆ ಬಂತಾ?" ಎಂದ ಅವನು, ಮುಖ ತಿರುಗಿಸಿಕೊಂಡೇ.

"ನಂಬೋಕೆ ಬಾಟಲಿ ಬೇಕಾಯ್ತಲ್ಲ... ಅದಕ್ಕೇ ಕ್ಷಮಿಸಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಅಪ್ಪ ಬೇಡ ಅಂದ್ರೂ ಸರಿ, ಊರೆಲ್ಲ ನಕ್ರೂ ಸರಿ!"

ಅವನು ಮೆಲ್ಲನೆ ತಿರುಗಿದ. ಕಣ್ಣು ಒದ್ದೆಯಾಗಿತ್ತು.

"ನನಗೂ ದಿನಾ ಯಾವಾಗ ಒಂಬತ್ತು ಗಂಟೆ ಆಗುತ್ತೋ ಅನ್ನಿಸ್ತಿತ್ತು ಕಣ್ರೀ... ಆದ್ರೆ ಇವತ್ತಿನ ಸಹಿ ಹೋಯ್ತು. ಇವತ್ತು ಮಾತ್ರೆ ಬೇಡ ಅಂದ್ರು ಡಾಕ್ಟ್ರು."

"ಕೊಡಿ ಚೀಟಿ."

ಇವತ್ತಿನ ತಾರೀಖಿನ ಮುಂದೆ ಅವಳು 'ಕುಡಿದಿಲ್ಲ' ಎಂದು ಬರೆದು ಸಹಿ ಹಾಕಿದಳು. ಅಭ್ಯಾಸಬಲದಿಂದ ಅವನು ಬಾಯಿ ತೆರೆದ.

"ಮುಚ್ಕೊಳ್ರಿ," ಎಂದಳು ಅವಳು, ಅಳುತ್ತಾ ನಗುತ್ತಾ. "ನೀವು ಹೇಳಿದ್ರೆ ಸಾಕು."