ಬಿಂಬ ನುಂಗೋ ಕೊರವ

ಬೆಟ್ಟಗಳೆಲ್ಲಾ ಇನ್ನೂ ಎದ್ದು ಓಡಾಡ್ತಿದ್ದ ಕಾಲದಲ್ಲಿ, ಹೊಂಬಾಳೆಪುರ ಅಂತ ಒಂದು ರಾಜ್ಯ ಇತ್ತು. ಅರಮನೆ ಹಿಂದೆ ಒಂದು ಕೊಳ. ಎರಡು ಎಮ್ಮೆ ಮಲಗಿದ್ರೆ ಮೂರನೇದಕ್ಕೆ ಜಾಗ ಇಲ್ಲ, ಅಷ್ಟೇ ಕೊಳ. ಅದರೊಳಗೆ ಒಬ್ಬ ಮಾಟಗಾರ, ಕೊರವ ಅನ್ನೋ ಮೀನಿನ ರೂಪ ತಾಳಿ ಸೇರ್ಕೊಂಡಿದ್ದ. ನೀರಿಗೆ ಬಗ್ಗಿದೋರ ಬಿಂಬಾನ ಗುಳುಂ ಅಂತ ನುಂಗೋನು. ಬಿಂಬ ಕಳಕೊಂಡೋರಿಗೆ ತಮ್ಮೋರು ಯಾರು ಅನ್ನೋದೇ ಮರೆತು ಹೋಗೋದು.

ಬೆಸ್ತರ ಕೆಂಪೀರಿ ಗಂಡ ಮಂಚಯ್ಯ ಅಲ್ಲಿ ಮುಖ ತೊಳೆಯೋಕೆ ಹೋಗಿ ಬಿಂಬ ಕಳಕೊಂಡ. ಅವತ್ತಿಂದ ದಿನಾ ಸಂಜೆ ತನ್ನ ಮನೇಲೇ ನೆಂಟನ ಥರ ಉಂಡು, ಕೈ ಒರೆಸ್ಕೊಂಡು ಏಳೋನು. "ನಿಮ್ಮ ಯಜಮಾನ್ರು ಬರೋ ಹೊತ್ತಾಯ್ತು ತಾಯಿ. ನಾನಿಲ್ಲಿರೋದು ಚೆನ್ನಾಗಿರಲ್ಲ" ಅನ್ನೋನು. ಹೋಗಿ ಹೊರಗೆ ಜಗುಲಿ ಮೇಲೆ ಮಲಗೋನು. ಅಮಾವಾಸ್ಯೆ ಒಳಗೆ ಮೀನು ಸಿಗದಿದ್ರೆ ಬಿಂಬ ಅದರ ಹೊಟ್ಟೇಲಿ ಅರಗಿ ಹೋಗುತ್ತೆ ಅಂತ ಕೊಳದ ಕಪ್ಪೆಗಳು ಮಾತಾಡ್ಕೊತಿದ್ವು.

ರಾಜ ಮೊದಲು ಹನ್ನೆರಡು ಸಾವಿರ ಸೈನಿಕರನ್ನ ಬಿಟ್ಟು ನೀರು ಎತ್ತಿಸ್ದ. ಕೊರವ ಕೆಸರೊಳಗೆ ಹೂತ್ಕೊಂಡು ಹಾಯಾಗಿ ನಿದ್ದೆ ಮಾಡ್ತು. ನೀರು ತುಂಬಿದ ಮೇಲೆ ಬೆಳ್ಳಿ ಬಲೆ ಬೀಸಿಸ್ದ. ಮೀನು ಬಲೆ ಮೇಲಿಂದ ಹಾರ್ತು, ಹಾರೋವಾಗ ದಳವಾಯಿಯ ಅರ್ಧ ಮೀಸೆ ಕಿತ್ಕೊಂಡೇ ಹೋಯ್ತು.

ಮೂರನೇ ಸಲ ಕೆಂಪೀರಿ ಬಂದ್ಲು, ಕೈಯಲ್ಲಿ ತಳ ಇಲ್ಲದ ಬಿದಿರು ಬುಟ್ಟಿ. ರಾಜ ನಕ್ಕ.

"ಇದನ್ನ ಹುಡುಕಬಾರದು ಬುದ್ಧಿ, ಕಾಯಬೇಕು" ಅಂದ್ಲು. "ನೀರಲ್ಲೇ ಹುಟ್ಟಿದ್ರೂ ಕೊರವ ಗಾಳಿ ಕುಡಿಯೋಕೆ ಮೇಲೆ ಬರಲೇಬೇಕು."

ಕದಡಿದ ನೀರಲ್ಲಿ ಬಿಂಬ ಮೂಡಲ್ಲ ಅಂತ ಕಾಲಲ್ಲಿ ಕೆಸರು ಕಲಕ್ತಾ ಸೊಂಟಮಟ್ಟದ ನೀರಲ್ಲಿ ನಿಂತ್ಲು. ಸೊಂಟದಿಂದ ಮೇಲಕ್ಕೆ ಮೂರು ದಿನ ಅಲುಗಾಡಲಿಲ್ಲ. ಕೊಕ್ಕರೆ ಅವಳ ತಲೆ ಮೇಲೆ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರೀನೂ ಮಾಡ್ತು.

ಮೂರನೇ ದಿನವೇ ಅಮಾವಾಸ್ಯೆ. ಮಧ್ಯಾಹ್ನ ಕೆಂಪು ಕೆಂಪು ಮರಿಗಳ ಗುಂಪೊಂದು ತೇಲಿ ಬಂತು. ಅದರಡಿ ಕೊರವ. ಬುಟ್ಟಿ ಎತ್ತಿದ ಕೈ ಅಲ್ಲೇ ನಿಂತ್ಕೊಂಡ್ತು. ಮರಿ ಕಾಯೋ ಕೊರವಾನ ಬೆಸ್ತರು ಮುಟ್ಟಬಾರದು, ಅದು ಅಜ್ಜನ ಕಾಲದ ಕಟ್ಟಳೆ. ಮಾಟಗಾರನಿಗೂ ಗೊತ್ತಿತ್ತು.

"ಕುಲದ ಮಾತು ಮುರೀತೀಯೇನವ್ವಾ?" ಅಂತು ಮೀನು, ನಯವಾಗಿ.

ಕೆಂಪೀರಿ ಬುಟ್ಟಿ ಇಳಿಸಿದ್ಲು. ಗಂಡ ಬೇಕು, ನಿಜ. ಆದ್ರೆ ಇನ್ನೊಬ್ಬರ ಮಕ್ಕಳನ್ನ ತಬ್ಬಲಿ ಮಾಡಿ ತಂದ ಗಂಡನ ಮುಖ ಹೆಂಗೆ ನೋಡ್ಲಿ ಅಂತ ಯೋಚನೆ ಮಾಡ್ತಾ ನಿಂತ್ಲು. ಕಣ್ಣು ಮಾತ್ರ ನೀರಿನ ಮೇಲೇ ಇತ್ತು. ಕೊರವ ಉಸಿರಿಗೆ ಮೇಲೆ ಬಂತು. ಗಾಳಿ ಜೊತೆಗೇ ಎರಡು ಮರೀನೂ ನುಂಗ್ತು.

"ಕಾಯೋರು ಬೇರೆ" ಅಂದ್ಲು ಅವಳು. "ಮಕ್ಕಳನ್ನ ಮುಂದಿಟ್ಕೊಂಡು ಅಡಗೋರು ಬೇರೆ."

ದಬಕ್ಕಂತ ಬುಟ್ಟಿ ಊರಿದ್ಲು. ಬಿದಿರು ಸಂದಿಯಿಂದ ಮರಿಗಳೆಲ್ಲಾ ನುಸುಳಿ ಹೋದ್ವು, ದೊಡ್ಡದು ಮಾತ್ರ ಒಳಗೇ ಉಳೀತು. ಮೇಲಿಂದ ಕೈ ಹಾಕಿ, ಕಿವಿರು ಹಿಡಿದು ದಡಕ್ಕೆ ಬಡಿದ್ಲು. ಮಾಟಗಾರ ಬೂದಿಯಾಗಿ ಹೋದ. ಬಿಂಬಗಳೆಲ್ಲಾ ಹಕ್ಕಿ ಹಿಂಡಿನ ಥರ ಹಾರಿ ಅವರವರ ಮನೆ ಸೇರ್ಕೊಂಡ್ವು.

ಕೆಂಪೀರಿ ಮನೆಗೆ ಬಂದಾಗ ಮಂಚಯ್ಯ ಬಾಗಿಲಲ್ಲೇ ನಿಂತಿದ್ದ. ಅವಳನ್ನ ಮೇಲಿಂದ ಕೆಳಗೆ ನೋಡಿದ.

"ಏನೇ ಇದು, ಸೀರೆಯೆಲ್ಲಾ ಕೆಸರು! ಮೂರು ದಿನದಿಂದ ಎಲ್ಲೇ ಹೋಗಿದ್ದೆ?" ಅಂತ ಗದರಿಸ್ದ.

ಕೆಂಪೀರಿ ಹೊಸ್ತಿಲ ಮೇಲೆ ಕುಸಿದು ಕೂತು, ಅತ್ತು ಅತ್ತು ನಕ್ಕಳು. ಆಮೇಲೆ ಅವರು ನೂರಾ ಎಂಟು ವರ್ಷ ದಿನಾ ಜಗಳ ಆಡ್ಕೊಂಡು ಸುಖವಾಗಿದ್ರು.