ಒಂಬತ್ತರಲ್ಲಿದ್ದ ಗಣೆ

"ಕದ್ದವ್ರೆ! ನಮ್ಮಪ್ಪನ ಗಣೆ ಕದ್ದವ್ರೆ!"

ಮುದ್ದಪ್ಪನ ಕೂಗಿಗೆ ಆರ್ಕೆಸ್ಟ್ರಾ ಕೋಣೆಯ ಬಾಗಿಲಲ್ಲಿ ಕೂತಿದ್ದ ತಾಯಿ ಜುಂಜಮ್ಮ ಎದ್ದು ನಿಂತಳು. ಗಂಡನ ಗಣೆ ಕೇಳಲೆಂದೇ ಬೆಳಗಿನ ಬಸ್ಸಿಗೆ ಹಟ್ಟಿಯಿಂದ ಶಿರಾಕ್ಕೆ ಬಂದಿದ್ದಳು.

ಗಣೆ ಎಂದರೆ ಬಿದಿರಿನ ಉದ್ದ ಕೊಳಲು. ಊದುತ್ತಿದ್ದ ಮುದ್ದಪ್ಪನ ಅಪ್ಪ ಓಬಳಪ್ಪ ಸತ್ತು ತಿಂಗಳಾಗಿತ್ತು. ಗಣೆಯೂ ಅವನೊಡನೆ ಮಣ್ಣು ಸೇರಿತ್ತು. ೧೯೮೭ರ ಆ ಹೊತ್ತಿಗೆ ಅದರ ನಾದ ಉಳಿದಿದ್ದು ಆರ್ಕೆಸ್ಟ್ರಾದಲ್ಲಿ ಮುದ್ದಪ್ಪ ನುಡಿಸುವ ಈ ಕೀಬೋರ್ಡಿನಲ್ಲಿ ಮಾತ್ರ. ಅದರೊಳಗೆ ಸದ್ದಿನ ಒಂದು ಅಲೆ ಇನ್ನೊಂದನ್ನು ಅಲುಗಿಸುತ್ತದೆ. ಯಾವುದು ಯಾವುದನ್ನು ಅಲುಗಿಸಬೇಕೆಂದು ಬದಲಿಸಿದಂತೆಲ್ಲ ಸದ್ದು ಬದಲಾಗುತ್ತದೆ. ಅಪ್ಪ ಊದುತ್ತ, ಮಗ ಗುಂಡಿ ಒತ್ತುತ್ತ, ಎರಡು ವರ್ಷ ಹೆಣಗಿ ಆ ಉಸಿರು ಹಿಡಿದು ಒಂಬತ್ತನೇ ಗುಂಡಿಯಲ್ಲಿ ಇಟ್ಟಿದ್ದರು. ಒಂದು ಗುಂಡಿಗೆ ಒಂದೇ ಸದ್ದು, ಹೊಸದಿಟ್ಟರೆ ಹಳೆಯದು ಅಳಿಯುತ್ತದೆ. ಈಗ ಒಂಬತ್ತು ಒತ್ತಿದರೆ—ಉರುಮೆಯ ಬಡಿತ!

ಉರುಮೆ ಬಾರಿಸುವ ಕದಿರಯ್ಯನ ಕಾಲರು ಮುದ್ದಪ್ಪನ ಕೈಯಲ್ಲಿತ್ತು.

"ಬಿಡೋ ಮೊದ್ಲು!" ಗದರಿದವರು ಪಕ್ಕದ ಮನೆಯ ರಾಜಲಕ್ಷ್ಮಮ್ಮ. ಮುದ್ದಪ್ಪನಿಗೆ ಅಕ್ಷರ ಕಲಿಸಿದ ಟೀಚರು. "ಕೋಣೆ ಬೀಗ ಯಾರ ಹತ್ರ ಇತ್ತು?"

"ನನ್ನತ್ರ," ಎಂದ ಆರ್ಕೆಸ್ಟ್ರಾ ಯಜಮಾನ ಗಂಗಣ್ಣ. "ಗಣೆ ಕೇಳಿದ್ರೆ ಮದುವೆ ಮನೆಯೋರು ಎದ್ದೋಯ್ತಾರೆ ಅಂದಿದ್ದೂ ನಾನೇ. ಆದ್ರೆ ಈ ಡಬ್ಬ ಆನ್ ಮಾಡೋಕೂ ನಂಗೆ ಬರಕಿಲ್ಲ ಕಣಮ್ಮ!"

"ಕದಿರಯ್ಯ, ನೀನು?"

"ನಾನೇ ಇಟ್ಟೆ ಮೇಡಂ. ನೀನು ಇದ್ರಲ್ಲಿ ಮಾಡಿರೋ ಉರುಮೆ ಸದ್ದು ಒಂಬತ್ತಕ್ಕೆ ಇಡು ಅಂತ ಇವ್ನೇ ಚೀಟಿ ಬರೆದಿದ್ದ."

"ನಾನು ಬರೆದಿದ್ದು ಆರು ಕಣ್ಲಾ! ಆರು ಖಾಲಿ ಇತ್ತು. ಬೇಕಂತ್ಲೇ ಮಾಡ್ಬುಟ್ಟ!"

"ಚೀಟಿ ಎಲ್ಲಿ?"

"ಬೀಡಿ ಹಚ್ಚೋಕೆ ಸುಟ್ಬುಟ್ಟೆ."

"ನೋಡಿದ್ರಾ ಮೇಡಂ?" ಎಂದ ಮುದ್ದಪ್ಪ.

"ನೀನು ಬಾಯ್ಮುಚ್ಚು. ಕದಿರಯ್ಯ, ಆ ಗುಂಡೀಲಿ ಏನಿದೆ ಅಂತ ಒತ್ತಿ ಕೇಳ್ಬಾರ್ದಿತ್ತಾ?"

"ಇನ್ನೂ ಇಡದಿರೋ ಸದ್ದು ಬೇರೆ ಗುಂಡಿ ಒತ್ತಿದ್ರೆ ಹಾರೋಯ್ತದೆ ಮೇಡಂ. ಗಣೆ ಯಾವುದ್ರಲ್ಲಿ ಅಂತ ಇವ್ನು ಯಾರ್‌ಗೂ ಹೇಳಿರ್ಲಿಲ್ಲ."

ರಾಜಲಕ್ಷ್ಮಮ್ಮ ಸೀಮೆಸುಣ್ಣ ತರಿಸಿದರು. "ಮುದ್ದಪ್ಪ, ನೆಲದ ಮೇಲೆ ಆರು ಬರಿ. ಕನ್ನಡದಲ್ಲಿ."

ಮುದ್ದಪ್ಪ ಸಿಟ್ಟಿನಿಂದಲೇ ಗೀಚಿದ—೯.

"ಗಂಗಣ್ಣ, ಎಷ್ಟಿದು?"

"ಒಂಬತ್ತು."

"ಬೀಗ ಯಾರ ಹತ್ರ, ಗಣೆ ಬೇಡ ಅಂದೋರು ಯಾರು ಅಂತ ಎಲ್ರೂ ನೋಡಿದ್ರಿ. ಗುಂಡಿ ಮೇಲಿರೋದು ಇಂಗ್ಲಿಷ್ ಅಂಕಿ, ಇವನು ಬರೆಯೋದು ಕನ್ನಡ ಅಂಕಿ. ಅದನ್ನ ಯಾರೂ ನೋಡ್ಲಿಲ್ಲ. ಆರಕ್ಕೂ ಒಂಬತ್ತಕ್ಕೂ ಬಾಲ ತಿರುಗೋದ್ರಲ್ಲಷ್ಟೇ ವ್ಯತ್ಯಾಸ. ಎರಡನೇ ಕ್ಲಾಸಲ್ಲಿ ನೀನು ಇದಕ್ಕೇ ನನ್ನ ಕೈಲಿ ಏಟು ತಿಂದಿದ್ದೆ. ಅಳಿಸಿದ್ದು ನೀನೇ ಕಣೋ ಮುದ್ದಪ್ಪ."

ಮುದ್ದಪ್ಪ ನೆಲದ ಮೇಲಿನ ಅಂಕಿಯನ್ನು ಅಂಗೈಯಿಂದ ಒರೆಸಿದ.

"ಗಣೆ ಸದ್ದು ಮತ್ತೆ ಮಾಡೋಕಾಗಲ್ವೇನೋ?"

"ಯಾವ ಅಲೆ ಎಷ್ಟು ಅಂತ ಬರೆದಿಟ್ಟಿಲ್ಲ ಮೇಡಂ. ಸರಿಯೋ ತಪ್ಪೋ ಹೇಳ್ತಿದ್ದ ಕಿವಿ ಅಪ್ಪಂದು."

ಜುಂಜಮ್ಮ ಹೊಸ್ತಿಲು ದಾಟಿ ಬಂದಳು.

"ಕಳ್ಳ ಸಿಕ್ದ್ನಲ್ಲ ಮೇಡಮ್ಮ, ಇನ್ನು ಗಣೆ ವಾಪಸ್ ಕೊಡಿಸ್ರವ್ವ. ನಾನು ಕೇಳ್ಕೊಂಡು ಹನ್ನೆರಡರ ಬಸ್ಸಿಗೆ ಹೊಂಟೋಯ್ತೀನಿ."